ತೋಳಿನೊಳಗಿನ ನಳಿಕೆ, ಮನೆಯೊಳಗಿನ ಜವಾಬ್ದಾರಿ

"ನರಾನ ಸಿಗವಲ್ದ್ರಿ ಅಕ್ಕಾರ, ಇನ್ನೊಂದ್ ಕೈ ಕೊಡ್ರಿ."

ಆಸ್ಪತ್ರೆಯಲ್ಲಿ ನಾಲ್ಕು ದಿನ ಸಲೈನ್ ಹಚ್ಚಿಸಿಕೊಂಡವರಿಗೆ ಈ ಮಾತು ಹೊಸದಲ್ಲ. ಸಿಸ್ಟರ್ ಮುಂಗೈ ತಟ್ಟುತ್ತಾರೆ, ರಬ್ಬರ್ ಪಟ್ಟಿ ಬಿಗಿಯುತ್ತಾರೆ, ಮುಷ್ಟಿ ಹಿಡಿಯಿರಿ ಎನ್ನುತ್ತಾರೆ. ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಸೂಜಿ ಸರಿಯಾಗಿ ಕೂಡುತ್ತದೆ. ಜ್ವರಕ್ಕೋ ವಾಂತಿಭೇದಿಗೋ ಒಂದೆರಡು ದಿನದ ಮಾತಾದರೆ ಹಲ್ಲು ಕಚ್ಚಿ ಸಹಿಸಿಕೊಂಡರಾಯಿತು.

ಆದರೆ ಎಲ್ಲ ಚಿಕಿತ್ಸೆಯೂ ಒಂದೆರಡು ದಿನದಲ್ಲಿ ಮುಗಿಯುವುದಿಲ್ಲ. ಸ್ತನದ ಕ್ಯಾನ್ಸರಿಗೆ ಕೀಮೋಥೆರಪಿ ಎಂದರೆ ಮೂರು ವಾರಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಔಷಧಿ, ಹೀಗೆ ನಾಲ್ಕಾರು ತಿಂಗಳು. ಹೃದಯದ ಕವಾಟಕ್ಕೆ ಸೋಂಕು ತಗುಲಿದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ರಕ್ತದೊಳಗೇ ಆಂಟಿಬಯೋಟಿಕ್ ಕೊಡಬೇಕು. ಎಲುಬಿಗೆ ಕೀವು ಹಿಡಿದರೂ ಹಾಗೆಯೇ, ವಾರಗಟ್ಟಲೆ. ಕರುಳು ಕೆಲಸ ಮಾಡದ ರೋಗಿಗೆ ಅನ್ನವೂ ರಕ್ತನಾಳದ ದಾರಿಯಿಂದಲೇ ಹೋಗಬೇಕಾಗುತ್ತದೆ. ಇಂಥವರ ಕೈ ಎರಡು ತಿಂಗಳಲ್ಲೇ ಕಪ್ಪಿಟ್ಟು, ನರಗಳೆಲ್ಲ ಹಗ್ಗದಂತೆ ಗಟ್ಟಿಯಾಗಿ, ಚುಚ್ಚಲು ಜಾಗವಿಲ್ಲದಂತಾಗುತ್ತದೆ.

ಆಗ ವೈದ್ಯರು "ಪಿಕ್ ಲೈನ್ ಹಾಕೋಣ" ಎನ್ನುತ್ತಾರೆ, ಇಲ್ಲವೆ "ಪೋರ್ಟ್ ಇಡೋಣ" ಎನ್ನುತ್ತಾರೆ. ಸಹಿ ಮಾಡಲು ಒಂದು ಕಾಗದವನ್ನೂ ಮುಂದಿಡುತ್ತಾರೆ. ಮನೆಯಲ್ಲಿ ಗಾಬರಿ ಶುರುವಾಗುವುದು ಇಲ್ಲಿಂದಲೇ. "ಎದ್ಯಾಗ ಪೈಪ್ ಹಾಕ್ತಾರಂತ, ಇನ್ನೇನ್ ಉಳೀತವ್ವಾ" ಎಂದು ಅತ್ತೆ ಅಳುತ್ತಾರೆ, ಮೈದುನ ಬೇರೆ ಡಾಕ್ಟರನ್ನು ಕೇಳೋಣ ಎನ್ನುತ್ತಾನೆ, ರೋಗಿ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾಳೆ. ಇದು ಕೊನೆಗಾಲದ ಲಕ್ಷಣವಲ್ಲ. ಕೈಗೆ ಆಗುತ್ತಿರುವ ಹಿಂಸೆ ತಪ್ಪಿಸಿ, ಚಿಕಿತ್ಸೆ ಮಧ್ಯದಲ್ಲಿ ನಿಲ್ಲದಂತೆ ನೋಡಿಕೊಳ್ಳುವ ಒಂದು ದಾರಿ, ಅಷ್ಟೆ. ಆದರೆ ಆ ನಳಿಕೆಯನ್ನು ಹಾಕುವುದಕ್ಕೆ ವೈದ್ಯರಿಗೆ ಹಿಡಿಯುವುದು ಮುಕ್ಕಾಲು ಗಂಟೆ. ಅದನ್ನು ತಿಂಗಳುಗಟ್ಟಲೆ ಕಾಯುವುದು ಮನೆಯವರು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನಂಥ ಊರುಗಳಿಂದ ದೊಡ್ಡ ಆಸ್ಪತ್ರೆಗೆ ಓಡಾಡುವ ಮನೆಯವರಾದರಂತೂ ಸಹಿ ಮಾಡುವ ಮೊದಲೇ ಕೆಲವು ಸಂಗತಿ ಕುಳಿತು ಯೋಚಿಸಬೇಕು.

ಮೊದಲು 'ನರ' ಎಂಬ ಮಾತನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ರಕ್ತನಾಳಕ್ಕೂ ನರವೆನ್ನುತ್ತೇವೆ, ಮಿದುಳಿನಿಂದ ಬರುವ ತಂತುವಿಗೂ ನರವೆನ್ನುತ್ತೇವೆ. "ನರದಾಗ ನಳಿಕಿ ಹಾಕಿದ್ರ ಕೈ ಬಿದ್ದು ಹೋಗ್ತೈತಿ" ಎಂಬ ಭಯ ಹುಟ್ಟುವುದು ಈ ಗೊಂದಲದಿಂದ. ನಳಿಕೆ ಹೋಗುವುದು ಕೆಟ್ಟ ರಕ್ತವನ್ನು ಹೃದಯಕ್ಕೆ ವಾಪಸು ಒಯ್ಯುವ ರಕ್ತನಾಳದಲ್ಲಿ, ಅಂದರೆ ಅಭಿಧಮನಿಯಲ್ಲಿ. ಪಾರ್ಶ್ವವಾಯುವಿಗೆ ಸಂಬಂಧಿಸಿದ ನರದ ಮಾತೇ ಬೇರೆ.

ಇನ್ನು ಎದೆಯತನಕ ಏಕೆ ಹೋಗಬೇಕು? ಮನೆ ಮುಂದಿನ ಸಣ್ಣ ಗಟಾರಕ್ಕೆ ಒಂದು ಬಿಂದಿಗೆ ಸುಣ್ಣದ ನೀರು ಸುರಿದರೆ ದಡದ ಹುಲ್ಲೆಲ್ಲ ಸುಟ್ಟು ಹೋಗುತ್ತದೆ. ಅದೇ ಬಿಂದಿಗೆಯನ್ನು ಮಳೆಗಾಲದ ವರದಾ ಹೊಳೆಗೆ ಸುರಿಯಿರಿ, ಎಲ್ಲಿ ಹೋಯಿತೆಂದು ಗೊತ್ತಾಗುವುದಿಲ್ಲ. ಮುಂಗೈಯ ರಕ್ತನಾಳದಲ್ಲಿ ನಿಮಿಷಕ್ಕೆ ಹರಿಯುವ ರಕ್ತ ಕೆಲವೇ ಹತ್ತು ಮಿಲಿಲೀಟರ್. ಹೃದಯದ ಬಾಗಿಲಲ್ಲಿರುವ ದೊಡ್ಡ ಅಭಿಧಮನಿಯಲ್ಲಿ ನಿಮಿಷಕ್ಕೆ ಸುಮಾರು 2 ಲೀಟರ್. ಕೀಮೋದ ಕೆಲವು ಔಷಧಿಗಳು ಅಷ್ಟು ಉಗ್ರ. ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಇದೆಯಲ್ಲ, ಅದು ಮುಂಗೈಯಲ್ಲಿ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಚರ್ಮ ಎರಡೂ ಕೊಳೆತು, ವಾರಗಟ್ಟಲೆ ಮಾಯದ ಹುಣ್ಣಾಗಬಹುದು. ವಿಂಕ್ರಿಸ್ಟಿನ್ ಎಂಬುದೂ ಅದೇ ಜಾತಿಯದು. ಇವನ್ನು ನೇರವಾಗಿ ಹೊಳೆಗೇ ಸುರಿಯಲೆಂದು ಮಾಡಿದ್ದು ಈ ಉದ್ದ ನಳಿಕೆ.

ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ, ಹೇಳದೆ ಮುಂದೆ ಹೋಗಲು ಮನಸ್ಸಾಗದು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯನಿದ್ದ. ತೋಳಿನ ರಕ್ತನಾಳದಿಂದ ಹೃದಯದವರೆಗೆ ನಳಿಕೆ ಹಾಕಬಹುದೆಂದು ಅವನ ನಂಬಿಕೆ. ಮೇಲಿನವರು ಒಪ್ಪಲಿಲ್ಲ. ಶುದ್ಧ ಮಾಡಿದ ಉಪಕರಣಗಳ ಬೀಗದ ಕೈ ಇದ್ದದ್ದು ಗೆರ್ಡಾ ಡಿಟ್ಜೆನ್ ಎಂಬ ದಾದಿಯ ಬಳಿ. ಅವಳನ್ನು ಹೇಗೋ ಒಪ್ಪಿಸಿದ. "ಹಾಗಾದರೆ ನನ್ನ ಮೇಲೇ ಪ್ರಯೋಗ ಮಾಡಿ" ಎಂದು ಆಕೆ ಧೈರ್ಯವಾಗಿ ಮೇಜಿನ ಮೇಲೆ ಮಲಗಿದಳು. ಈ ಮಹಾರಾಯ ಅವಳ ಕೈಕಾಲು ಮೇಜಿಗೆ ಬಿಗಿದು, ಅವಳ ತೋಳಿಗೆ ಔಷಧಿ ಹಚ್ಚಿದಂತೆ ಮಾಡುತ್ತ, ಸದ್ದಿಲ್ಲದೆ ತನ್ನ ತೋಳನ್ನೇ ಕೊಯ್ದು ನಳಿಕೆ ತೂರಿಸಿಕೊಂಡ! ಆಮೇಲೆ ಅವಳನ್ನು ಬಿಡಿಸಿ, ಇಬ್ಬರೂ ಕೂಡಿ ಎಕ್ಸ್‌ರೇ ಕೋಣೆಗೆ ನಡೆದು ಹೋದರು. ನಳಿಕೆಯ ತುದಿ ಹೃದಯದ ಬಲಭಾಗಕ್ಕೆ ಮುಟ್ಟಿದ್ದು ಎಕ್ಸ್‌ರೇ ಚಿತ್ರದಲ್ಲಿ ಕಂಡಿತು. ಇದಕ್ಕಾಗಿ ಅವನಿಗೆ ಮೊದಲು ಸಿಕ್ಕಿದ್ದು ಛೀಮಾರಿ. 1956ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಹುಮಾನ ಸಿಕ್ಕಿತು. ಆ ದಾದಿಯ ಧೈರ್ಯಕ್ಕೆ ಯಾವ ಬಹುಮಾನವೂ ಬಂದಂತಿಲ್ಲ, ಅದು ಬೇರೆ ಮಾತು.

ಇಂದಿನ ಪಿಕ್ ಲೈನ್ ಹೋಗುವುದೂ ಅವನು ಹೋದ ತೋಳಿನ ದಾರಿಯಲ್ಲೇ. ಅಮೆರಿಕದಲ್ಲಿ 1973ರಲ್ಲಿ ಬ್ರೊವಿಯಾಕ್ ಎಂಬ ವೈದ್ಯ, ರೋಗಿಗಳು ಮನೆಯಲ್ಲೇ ಇದ್ದು ರಕ್ತನಾಳದ ಮೂಲಕ ಆಹಾರ ಪಡೆಯಲೆಂದು ಎದೆಯ ಚರ್ಮದ ಕೆಳಗಿನಿಂದ ಹಾಯಿಸುವ ಮೆತ್ತನೆಯ ಸಿಲಿಕೋನ್ ನಳಿಕೆ ಮಾಡಿದ. 1979ರಲ್ಲಿ ಹಿಕ್‌ಮನ್ ಅದನ್ನು ಇನ್ನಷ್ಟು ಅಗಲ ಮಾಡಿದ. ಪೂರ್ತಿ ಚರ್ಮದ ಕೆಳಗೇ ಹುದುಗಿಸುವ ಪೋರ್ಟ್ ಬಳಕೆಗೆ ಬಂದದ್ದು 1980ರ ದಶಕದ ಆರಂಭದಲ್ಲಿ. ಗಮನಿಸಿದಿರಾ? ರೋಗಿ ಆಸ್ಪತ್ರೆಯ ಮಂಚ ಬಿಟ್ಟು ಮನೆಗೆ ಹೋಗಲೆಂದೇ ಇದೆಲ್ಲ ಬೆಳೆದು ಬಂದದ್ದು.

ಪಿಕ್ ಲೈನೋ, ಪೋರ್ಟೋ?

ಪಿಕ್ ಲೈನ್ ಎಂದರೆ ಮೊಣಕೈಗಿಂತ ಮೇಲೆ, ತೋಳಿನ ಒಳಮೈಯಲ್ಲಿ ಹಾಕುವ ತೆಳ್ಳನೆಯ ನಳಿಕೆ. ದಪ್ಪ ಒಂದೂವರೆ ಮಿಲಿಮೀಟರಿನ ಆಸುಪಾಸು, ಅಷ್ಟೆ. ಒಳಗೆ ಮೊಳದುದ್ದ ಹೋಗುತ್ತದೆ. ಹೊರಗೆ ನಾಲ್ಕು ಬೆರಳಿನಷ್ಟು ಬಾಲ ಉಳಿಯುತ್ತದೆ. ಅದರ ತುದಿಗೆ ಮುಚ್ಚಳ, ಮಧ್ಯೆ ಒಂದು ಕ್ಲಿಪ್ಪು. ಹಾಕುವಾಗ ಪೂರ್ತಿ ಮತ್ತು ಬರಿಸುವುದಿಲ್ಲ, ಆ ಜಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು. ಬಸುರಿಯರ ಹೊಟ್ಟೆ ನೋಡುವ ಸ್ಕ್ಯಾನಿಂಗ್ ಯಂತ್ರದಂಥದ್ದರಲ್ಲೇ ರಕ್ತನಾಳವನ್ನು ಹುಡುಕಿ ಸೂಜಿ ಹಾಕುತ್ತಾರೆ. ಸೂಜಿಯ ಮೂಲಕ ತಂತಿ, ತಂತಿಯ ದಾರಿ ಹಿಡಿದು ನಳಿಕೆ. ತುದಿ ಸರಿಯಾದ ಜಾಗಕ್ಕೆ ಕೂತಿದೆಯೆ ಎಂದು ಎಕ್ಸ್‌ರೇಯಲ್ಲೋ ಇಸಿಜಿಯ ಸಹಾಯದಿಂದಲೋ ಖಾತ್ರಿ ಮಾಡಿಕೊಂಡ ಮೇಲೆಯೇ ಔಷಧಿ ಬಿಡುವುದು.

ಪೋರ್ಟ್ ಬೇರೆ. ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಡಬ್ಬಿಯನ್ನು ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಇಟ್ಟು ಹೊಲಿಯುತ್ತಾರೆ. ಹೊರಗೆ ಏನೂ ಕಾಣುವುದಿಲ್ಲ, ಮುಟ್ಟಿದರೆ ಗುಂಡಿಯಂತೆ ಸಿಗುತ್ತದೆ. ಔಷಧಿ ಕೊಡುವಾಗ ಮಾತ್ರ ಅದಕ್ಕೆಂದೇ ಇರುವ ವಿಶೇಷ ಸೂಜಿಯನ್ನು ಚರ್ಮದ ಮೇಲಿಂದ ಚುಚ್ಚುತ್ತಾರೆ. ಇಡುವುದಕ್ಕೂ ತೆಗೆಯುವುದಕ್ಕೂ ಸಣ್ಣದೊಂದು ಶಸ್ತ್ರಕ್ರಿಯೆ ಬೇಕು. ಖರ್ಚೂ ಪಿಕ್ ಲೈನಿಗಿಂತ ಹೆಚ್ಚು.

ಖರ್ಚು ಕಡಿಮೆ ಎಂದು ಪಿಕ್ ಲೈನಿಗೇ ಹೂಂ ಎನ್ನಬೇಡಿ. ಇಲ್ಲಿಯೇ ನಮ್ಮ ಊರು, ದಾರಿ, ಬಸ್ಸು ಎಲ್ಲ ಲೆಕ್ಕಕ್ಕೆ ಬರುತ್ತವೆ. ಪಿಕ್ ಲೈನನ್ನು ಬಳಸಲಿ ಬಿಡಲಿ, ವಾರಕ್ಕೊಮ್ಮೆ ಸಲೈನಿನಿಂದ ತೊಳೆಯಬೇಕು, ವಾರಕ್ಕೊಮ್ಮೆ ಡ್ರೆಸ್ಸಿಂಗ್ ಬದಲಾಯಿಸಬೇಕು. ಪೋರ್ಟನ್ನು ಬಳಸದೆ ಇರುವಾಗ ನಾಲ್ಕು ವಾರಕ್ಕೊಮ್ಮೆ ತೊಳೆದರೆ ಸಾಕು. ಇನ್ನೂ ಹೆಚ್ಚು ಅಂತರ ಬಿಡುವ ಆಸ್ಪತ್ರೆಗಳೂ ಇವೆ. ಈಗ ಲೆಕ್ಕ ಹಾಕಿ. ಮೂರು ವಾರಕ್ಕೊಮ್ಮೆ ಕೀಮೋ ಇರುವವಳಿಗೆ ಪೋರ್ಟ್ ಇದ್ದರೆ ಔಷಧಿಗೆ ಹೋದ ದಿನವೇ ಅದರ ಕೆಲಸವೂ ಮುಗಿಯಿತು. ಪಿಕ್ ಲೈನ್ ಇದ್ದರೆ ನಡುವೆ ಇನ್ನೆರಡು ಸಲ ಹೋಗಬೇಕು. ಆರು ಸುತ್ತಿನ ಚಿಕಿತ್ಸೆಯೆಂದರೆ ಹತ್ತು ಹನ್ನೆರಡು ಪ್ರಯಾಣ ಹೆಚ್ಚು, ಪ್ರತಿ ಸಲವೂ ಜೊತೆಗೊಬ್ಬರು, ಒಂದು ದಿನದ ಕೂಲಿ, ಮಕ್ಕಳ ಊಟದ ಏರ್ಪಾಡು.

ಶಿಗ್ಗಾವಿಯವರಿಗೆ ಇದು ಅಷ್ಟು ಭಾರವಲ್ಲ. ಹೆದ್ದಾರಿ ಊರ ಮಗ್ಗುಲಲ್ಲೇ ಇದೆ, ಹುಬ್ಬಳ್ಳಿ ಬಸ್ಸು ಹಿಡಿದರೆ ಮಧ್ಯಾಹ್ನಕ್ಕೆ ಮನೆ ಸೇರಬಹುದು. ಸವಣೂರಿನವರೂ ಹೇಗೋ ಸಂಭಾಳಿಸಿಯಾರು. ಹಾನಗಲ್ಲ ತಾಲ್ಲೂಕಿನ ಒಳಹಳ್ಳಿಯಿಂದ ಹೊರಟವರಿಗೆ ಬೆಳಗಿನ ಮೊದಲ ಬಸ್ಸಿಗೇ ಹೊರಟರೂ ಇಡೀ ದಿನ ಹೋಯಿತು. ಹಿರೇಕೆರೂರಿಗೆ ಹುಬ್ಬಳ್ಳಿ ನಾಲ್ಕರಲ್ಲಿ ಎಲ್ಲಕ್ಕಿಂತ ದೂರ. ಅಲ್ಲಿನವರು ದಾವಣಗೆರೆಗೋ ಶಿವಮೊಗ್ಗಕ್ಕೋ ಮುಖ ಮಾಡುವುದೇ ಹೆಚ್ಚು. ಈ ಎರಡು ಊರಿಗೂ ರೈಲಿಲ್ಲ. ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಿರಲಿ, ಅಲ್ಲಿನ ನವನಗರದ ಕ್ಯಾನ್ಸರ್ ಆಸ್ಪತ್ರೆಯಿರಲಿ, ಬೆಂಗಳೂರಿನ ಕಿದ್ವಾಯಿಯೇ ಇರಲಿ, ಎಲ್ಲಿಗೆ ಹೋದರೂ ಕೇಳಲೇಬೇಕಾದ ಪ್ರಶ್ನೆ ಒಂದೇ: "ವಾರವಾರದ ಡ್ರೆಸ್ಸಿಂಗ್ ನಮ್ಮೂರ ಹತ್ತಿರ ಯಾರು ಮಾಡ್ತಾರ್ರಿ? ಅವರಿಗೆ ಇದು ಗೊತ್ತೈತೇನ್ರಿ?" ತಾಲ್ಲೂಕು ಆಸ್ಪತ್ರೆಯ ಸಿಸ್ಟರ್ ಮಾಡಬಲ್ಲರಾದರೆ, ಹೇಗೆ ಮಾಡಬೇಕೆಂಬುದನ್ನು ದೊಡ್ಡ ಆಸ್ಪತ್ರೆಯವರಿಂದಲೇ ಬರೆಸಿಕೊಂಡು ಬನ್ನಿ. 2025ರಲ್ಲಿ ರಾಜ್ಯ ಸರ್ಕಾರ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಹೊತ್ತಿನ ಕೀಮೋಥೆರಪಿ ಕೇಂದ್ರ ತೆರೆದಿದೆ. ನಿಮಗೆ ಹತ್ತಿರದ್ದು ಯಾವುದೆಂದು ಅದೇ ಬಾಯಲ್ಲಿ ವಿಚಾರಿಸಿ. ಬಿಪಿಎಲ್ ಕಾರ್ಡಿದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಆರೋಗ್ಯಮಿತ್ರರನ್ನು ಮೊದಲೇ ಕಂಡು, ನಳಿಕೆಯ ಖರ್ಚು ಅದರಲ್ಲಿ ಸೇರುತ್ತದೆಯೆ, ಕೈಯಿಂದ ಎಷ್ಟು ಹಾಕಬೇಕು ಎಂದು ಸ್ಪಷ್ಟ ಮಾಡಿಕೊಳ್ಳಬೇಕು. ಆಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳನ್ನು ಇಟ್ಟುಕೊಂಡು ಮಾಡಿದ ಒಂದು ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. ಪಿಕ್ ಲೈನ್ ಮತ್ತು ಪೋರ್ಟ್ ಎರಡನ್ನೂ ಹೋಲಿಸಿ ನೋಡಿದಾಗ, ಪಿಕ್ ಲೈನಿನವರಲ್ಲಿ ನೂರಕ್ಕೆ 47 ಜನರಿಗೆ ಸೋಂಕು, ಹೆಪ್ಪುಗಟ್ಟುವಿಕೆ, ಕಟ್ಟಿಕೊಳ್ಳುವುದು ಮುಂತಾದ ಏನಾದರೊಂದು ತೊಂದರೆ ಕಂಡಿತು. ಪೋರ್ಟಿನವರಲ್ಲಿ 32 ಜನರಿಗೆ. ಹಾಗೆಂದು ಎಲ್ಲರಿಗೂ ಪೋರ್ಟೇ ಸರಿ ಎಂದಲ್ಲ. ಆರು ವಾರದ ಆಂಟಿಬಯೋಟಿಕ್ಕಿಗೆ ಪೋರ್ಟ್ ಇಡುವುದು ಒಂದು ಹೊತ್ತಿನ ಅಡಿಗೆಗೆ ಒಲೆ ಕಟ್ಟಿಸಿದಂತೆ. ಅಲ್ಲಿ ಪಿಕ್ ಲೈನೇ ಸರಿ. ತಿಂಗಳುಗಟ್ಟಲೆಯ ಕೀಮೋ, ದೂರದ ಊರು, ಮನೆಯಲ್ಲಿ ಕೈಯಾಸರೆ ಕಡಿಮೆ, ಇಂಥಲ್ಲಿ ಪೋರ್ಟಿನ ಮಾತನ್ನು ನೀವಾಗಿಯೇ ಎತ್ತಬೇಕು. ವೈದ್ಯರಿಗೆ ರೋಗ ಗೊತ್ತು, ನಿಮ್ಮೂರ ಬಸ್ಸಿನ ವೇಳೆ ಗೊತ್ತಿಲ್ಲ.

ಇನ್ನೆರಡು ಸಂಗತಿಯನ್ನು ಅವರು ಕೇಳದಿದ್ದರೂ ಹೇಳಿ. ಮೂತ್ರಪಿಂಡದ ತೊಂದರೆಯಿದ್ದು ಮುಂದೆ ಡಯಾಲಿಸಿಸ್ ಬೇಕಾಗಬಹುದು ಎಂದಿದ್ದರೆ, ತೋಳಿನ ರಕ್ತನಾಳವನ್ನು ಅದಕ್ಕಾಗಿ ಉಳಿಸಬೇಕು, ಪಿಕ್ ಲೈನನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ಒಂದು ಕಡೆಯ ಸ್ತನ, ಕಂಕುಳಿನ ಗಡ್ಡೆ ತೆಗೆದಿದ್ದರೆ ನಳಿಕೆಯನ್ನು ಇನ್ನೊಂದು ಕಡೆಗೆ ಹಾಕುತ್ತಾರೆ. ಮತ್ತೊಂದು ಮಾತು. ಕಾಗದಕ್ಕೆ ಸಹಿ ಮಾಡಬೇಕಾದವಳು ರೋಗಿಯೇ. ಗಂಡನಿಗೂ ಮಗನಿಗೂ ಎಲ್ಲವನ್ನೂ ವಿವರಿಸಿ, ಅವಳಿಗೆ ಬರೇ ಹೆಬ್ಬೆಟ್ಟಿನ ಜಾಗ ತೋರಿಸುವ ಪದ್ಧತಿ ಚೆನ್ನಾಗಿಲ್ಲ. ನಳಿಕೆ ಇರುವುದು ಅವಳ ಮೈಯಲ್ಲಿ, ಅವಳ ಎದುರಿಗೇ, ಅವಳ ಮಾತಿನಲ್ಲೇ ಹೇಳಲಿ.

ಕೈ ತೊಳೆಯುವುದೇ ಅರ್ಧ ಚಿಕಿತ್ಸೆ

ಪಿಕ್ ಲೈನ್ ಹಾಕಿಸಿಕೊಂಡು ಮನೆಗೆ ಬಂದಿರೆನ್ನಿ. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಶತ್ರು ಸೋಂಕು. ಚರ್ಮದ ಮೇಲಿನ ಕಣ್ಣಿಗೆ ಕಾಣದ ಕ್ರಿಮಿ ಆ ನಳಿಕೆ ಹಿಡಿದು ನೇರ ಹೃದಯದ ಬಾಗಿಲಿಗೇ ಹೋಗಬಲ್ಲದು. ಕೀಮೋ ತೆಗೆದುಕೊಳ್ಳುವವರಲ್ಲಿ ರಕ್ತದ ಬಿಳಿಕಣ ಕಡಿಮೆಯಾಗಿರುತ್ತದೆ, ಕಾದಾಡುವ ಶಕ್ತಿ ಇರುವುದಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ತುರ್ತು ನಿಗಾ ಘಟಕಗಳಲ್ಲಿ ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯರು, ನಳಿಕೆ ಹಾಕುವವರು ಐದೇ ಐದು ಸಂಗತಿಗಳನ್ನು ತಪ್ಪದೆ ಪಾಲಿಸಬೇಕೆಂದು ಕಟ್ಟು ಮಾಡಿದರು. ಮೊದಲನೆಯದು ಕೈ ತೊಳೆಯುವುದು. ಬೇಡವಾದ ನಳಿಕೆಯನ್ನು ಬೇಗ ತೆಗೆಯುವುದೂ ಅದರಲ್ಲೊಂದು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು: ನಳಿಕೆಯಿಂದಾಗುವ ರಕ್ತದ ಸೋಂಕು ಮೂರರಲ್ಲಿ ಎರಡು ಪಾಲಿನಷ್ಟು ತಗ್ಗಿತ್ತು. ಹೊಸ ಔಷಧಿ ಇಲ್ಲ, ಹೊಸ ಯಂತ್ರವಿಲ್ಲ. ದೊಡ್ಡ ಆಸ್ಪತ್ರೆಯಲ್ಲೇ ಹೀಗಾದರೆ ನಮ್ಮ ಮನೆಯಲ್ಲಿ ಎಷ್ಟು ಎಚ್ಚರ ಬೇಕು ಯೋಚಿಸಿ.

ಆದ್ದರಿಂದ ಆ ತೋಳನ್ನು ಮುಟ್ಟುವ ಯಾರೇ ಆಗಲಿ ಸಬಕಾರದಿಂದ ಕೈ ತೊಳೆದೇ ಮುಟ್ಟಬೇಕು, ಒಗೆದು ಒಣಗಿಸಿದ ಬಟ್ಟೆಯಲ್ಲೇ ಒರೆಸಿಕೊಳ್ಳಬೇಕು. ಸೆರಗಿಗಲ್ಲ! ಡ್ರೆಸ್ಸಿಂಗನ್ನು ಮನೆಯಲ್ಲಿ ಬಿಚ್ಚುವ ಗೋಜಿಗೆ ಹೋಗಬೇಡಿ. ಅದು ಒದ್ದೆಯಾದರೆ, ಅಂಚು ಎದ್ದರೆ, ವಾರ ತುಂಬುವ ತನಕ ಕಾಯದೆ ಅಂದೇ ಬದಲಾಯಿಸಿಸಿ. ತೊಳೆಯುವಾಗ 10 ಮಿಲಿಲೀಟರಿಗಿಂತ ಸಣ್ಣ ಸಿರಿಂಜ್ ಬಳಸಬಾರದು, ಸಣ್ಣ ಸಿರಿಂಜಿನ ಒತ್ತಡ ಹೆಚ್ಚು, ನಳಿಕೆ ಒಡೆದೀತು. ಗೊತ್ತಿಲ್ಲದವರು "ನಾ ಮಾಡ್ತೀನಿ ತಗೋ" ಎಂದು ಕೈ ಹಾಕಲು ಬಂದರೆ ಮುಲಾಜಿಲ್ಲದೆ ಬೇಡವೆನ್ನಿ. ಒತ್ತಿದರೆ ಹೋಗದಿದ್ದಾಗ ಜೋರು ಮಾಡಬಾರದು. ಆ ಕೈಗೆ ಬಿಪಿ ಪಟ್ಟಿ ಕಟ್ಟಬಾರದು.

ಈಗ ಸ್ವಲ್ಪ ಕಹಿ ಮಾತು. ಗಾಯವೆಂದರೆ ಅರಿಸಿನ ಹಚ್ಚುವುದು, ದೇವರ ಭಂಡಾರ ಬಳಿಯುವುದು, ವಿಭೂತಿ ಒತ್ತುವುದು ನಮ್ಮ ರಕ್ತದಲ್ಲೇ ಬಂದದ್ದು. ದೇವರ ಮೇಲಿನ ಭಕ್ತಿ ಇರಲಿ, ಹಣೆಗೆ ಹಚ್ಚಿ. ನಳಿಕೆಯ ಬಾಯಿಗೆ ಯಾವ ಪುಡಿಯೂ, ಎಣ್ಣೆಯೂ, ನಾಟಿ ಔಷಧಿಯೂ ಬೇಡವೇ ಬೇಡ. ಹಿರಿಯರು ಬೇಸರ ಮಾಡಿಕೊಂಡರೆ ಡಾಕ್ಟರ ಹೆಸರು ಮುಂದೆ ಮಾಡಿ.

ಸ್ನಾನಕ್ಕೆ ಮೊದಲು ತೋಳಿಗೆ ಮೆತ್ತನೆಯ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ಎರಡೂ ಅಂಚಿಗೆ ಟೇಪ್ ಅಂಟಿಸಿ, ಕೈಯನ್ನು ಬಚ್ಚಲ ಗೋಡೆಯ ಕಡೆ ಚಾಚಿ ಇನ್ನೊಬ್ಬರಿಂದ ನೀರು ಹಾಕಿಸಿಕೊಳ್ಳುವುದು ಒಳ್ಳೆಯದು. ಹೊಳೆ, ಕೆರೆಯ ಮುಳುಗು ಸ್ನಾನ ನಳಿಕೆ ಇರುವ ತನಕ ಇಲ್ಲ. ಪೋರ್ಟ್ ಇದ್ದವರಿಗೆ, ಗಾಯ ಮಾಯ್ದ ಮೇಲೆ, ಸೂಜಿ ಚುಚ್ಚಿರದ ದಿನಗಳಲ್ಲಿ ಈ ಕಟ್ಟಳೆ ಯಾವುದೂ ಇಲ್ಲ. ಕುಪ್ಪಸದ ತೋಳು ನಮ್ಮ ಕಡೆ ಬಿಗಿಯಾಗಿ ಹೊಲಿಯುತ್ತಾರಲ್ಲ, ಅದು ನಳಿಕೆಯನ್ನು ಎಳೆಯುತ್ತದೆ. ಎರಡು ಹಳೆಯ ಕುಪ್ಪಸದ ಆ ಬದಿಯ ತೋಳನ್ನು ಉದ್ದಕ್ಕೆ ಬಿಚ್ಚಿ, ಅಂಚು ಮಡಚಿ ಹೊಲಿದು, ಮೂರು ಕಡೆ ಸಣ್ಣ ಲಾಡಿ ಹಚ್ಚಿಕೊಂಡರೆ ಆಸ್ಪತ್ರೆಯಲ್ಲೂ ಬಿಚ್ಚಿ ತೋರಿಸಲು ಅನುಕೂಲ. ಪೋರ್ಟ್ ಇದ್ದ ಜಾಗಕ್ಕೆ ತಾಳಿಯ ಸರ ತಿಕ್ಕದಂತೆ ನೋಡಿಕೊಳ್ಳಿ.

ಕೆಲಸದ ವಿಷಯ? ಚಪಾತಿ ಲಟ್ಟಿಸಬಹುದು, ಪಲ್ಯ ಹೆಚ್ಚಬಹುದು, ತಲೆ ಬಾಚಿಕೊಳ್ಳಬಹುದು. ಕೈಯನ್ನು ಎದೆಗೆ ಕಟ್ಟಿಕೊಂಡು ಅಲ್ಲಾಡಿಸದೆ ಕೂರುವುದು ತಪ್ಪು, ಅದರಿಂದ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಮೆತ್ತನೆಯ ಚೆಂಡನ್ನು ಆಗಾಗ ಹಿಚುಕುತ್ತಿದ್ದರೆ ಒಳ್ಳೆಯದು. ಆದರೆ ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಒದ್ದೆ ಚಾದರ ಹಿಂಡುವುದು, ಸೆಗಣಿ ಬಾಚುವುದು, ಎಲೆಬಳ್ಳಿ ತೋಟದಲ್ಲಿ ಕೈ ಮೇಲೆತ್ತಿ ದಿನವಿಡೀ ಎಲೆ ಕೊಯ್ಯುವುದು ಬಿಡಬೇಕು. ಇದನ್ನು ಬರೆಯುವುದು ಸುಲಭ. ನೀರು ಎರಡು ದಿನಕ್ಕೊಮ್ಮೆ ಬರುವ ಮನೆಯಲ್ಲಿ ಕೊಡ ಎತ್ತುವವರು ಯಾರು? ರೋಗಿಯನ್ನು ಆಸ್ಪತ್ರೆಯಿಂದ ಕರೆತರುವ ಮುಂಚೆಯೇ ಮನೆಯವರು ಕುಳಿತು ಇದನ್ನು ತೀರ್ಮಾನಿಸಬೇಕು. ತೀರ್ಮಾನಿಸದಿದ್ದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತೇ ಇದೆ, ಎಂಟನೆಯ ದಿನ ಅವಳೇ ಎತ್ತುತ್ತಾಳೆ. ಮದುವೆ ಮುಂಜಿಗೆ ಹೋದಾಗ ರೋಗ ಯಾರಿಗೂ ತಿಳಿಯದಿರಲೆಂದು ಸೆರಗು ಹೊದ್ದು ದೊಡ್ಡ ಪಾತ್ರೆಗೆ ಕೈ ಹಚ್ಚುವವರೂ ಇದ್ದಾರೆ. ಮಗಳ ಸಂಬಂಧ ತಪ್ಪೀತೆಂಬ ಭಯ ಅವರಿಗೆ. ಭಯ ಸುಳ್ಳಲ್ಲ, ಆದರೆ ಪಾತ್ರೆ ಬೇರೆ ಯಾರಾದರೂ ಎತ್ತಬಹುದು.

ಪಥ್ಯದ ಬಗ್ಗೆ ಬಹಳ ಜನ ಕೇಳುತ್ತಾರೆ. ಬದನೆಕಾಯಿ ನಂಜು, ಮೊಸರು ಶೀತ, ಹುರುಳಿ ಉಷ್ಣ ಎಂದು ಒಂದೊಂದಾಗಿ ಬಿಡಿಸಿ, ಕೊನೆಗೆ ರೋಗಿಗೆ ಗಂಜಿಯಷ್ಟೇ ಉಳಿಸುತ್ತಾರೆ. ನಳಿಕೆಗೆ ಯಾವ ಪಥ್ಯವೂ ಇಲ್ಲ. ಬದನೆಕಾಯಿಯಿಂದ ನಳಿಕೆಗೆ ಕೀವಾಗುವುದಿಲ್ಲ, ತೊಳೆಯದ ಕೈಯಿಂದ ಆಗುತ್ತದೆ. ಕೀಮೋ ನಡೆದಿರುವಾಗ ಬಿಸಿಯಾಗಿ ಬೇಯಿಸಿದ್ದನ್ನು, ಬೇಳೆ, ಕಾಳು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಧಾರಾಳವಾಗಿ ಕೊಡಿ. ಬಾಯಿಹುಣ್ಣು ಇದ್ದಾಗ ಸವಣೂರ ಖಾರಾ ಮಂಡಕ್ಕಿ ಬೇಡವೆಂದರೆ ಅದು ಬಾಯಿಯ ಸಲುವಾಗಿ, ನಳಿಕೆಯ ಸಲುವಾಗಿ ಅಲ್ಲ.

ಹಾಲಿನ ಲೆಕ್ಕ ಬರೆಯುವಂಥ ಒಂದು ಸಣ್ಣ ಪುಸ್ತಕವನ್ನು ಇದಕ್ಕೆಂದೇ ಇಡಿ. ನಳಿಕೆ ಹಾಕಿದ ತಾರೀಖು, ಯಾವ ತೋಳು, ಒಳಗೆಷ್ಟು ಉದ್ದ, ಹೊರಗೆಷ್ಟು, ಯಾವ ದಿನ ತೊಳೆಸಿದ್ದು, ಯಾರು ಮಾಡಿದ್ದು, ಆಸ್ಪತ್ರೆಯ ದೂರವಾಣಿ ಸಂಖ್ಯೆ, ಎಲ್ಲ ಅದರಲ್ಲಿರಲಿ. ಹೊರಗಿನ ಬಾಲ ಮೊದಲಿಗಿಂತ ಉದ್ದವಾಗಿದೆಯೆ ಎಂದು ನೋಡಲು ಆ ಅಳತೆಯೇ ಆಧಾರ.

ಯಾವಾಗ ಕಾಯಬಾರದು

ಮನೆಯಲ್ಲೊಂದು ಥರ್ಮಾಮೀಟರ್ ಇರಲೇಬೇಕು. 100.4 ಡಿಗ್ರಿ ಅಥವಾ ಹೆಚ್ಚು ಜ್ವರ ಬಂದರೆ, ಚಳಿ ನಡುಕ ಬಂದರೆ, ಅದರಲ್ಲೂ ನಳಿಕೆ ತೊಳೆದ ಸ್ವಲ್ಪ ಹೊತ್ತಿಗೇ ನಡುಕ ಬಂದರೆ, ಅದು ಹಗಲಿರಲಿ ರಾತ್ರಿಯಿರಲಿ, ಕ್ರೋಸಿನ್ ನುಂಗಿಸಿ ಬೆಳಗಿನ ತನಕ ನೋಡೋಣ ಎನ್ನಬೇಡಿ. ಕೀಮೋ ರೋಗಿಗೆ ಈ ಜ್ವರ ಗಂಟೆಗಳ ಲೆಕ್ಕದಲ್ಲಿ ಪ್ರಾಣಾಂತಿಕವಾಗಬಲ್ಲದು. ಆಸ್ಪತ್ರೆಗೆ ದೂರವಾಣಿ ಮಾಡಿ. ದೂರದೂರಿನವರು ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೋ ಹಾವೇರಿ ಜಿಲ್ಲಾ ಆಸ್ಪತ್ರೆಗೋ ಹೋಗಿ "ಕೀಮೋ ನಡದೈತ್ರಿ, ಪಿಕ್ ಲೈನ್ ಐತ್ರಿ" ಎಂದು ಬಾಗಿಲಲ್ಲೇ ಹೇಳಬೇಕು, ಆ ಪುಸ್ತಕ ತೋರಿಸಬೇಕು. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ತೋಳು, ಕುತ್ತಿಗೆ, ಮುಖ ಬಾತರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ನಳಿಕೆಯ ಬುಡ ಕೆಂಪಗಾಗಿ ಕೀವು ಕಂಡರೆ, ಔಷಧಿ ಹೋಗುವಾಗ ಎದೆಯಲ್ಲಿ ಉರಿ, ನೋವು ಬಂದರೆ ಆಗಲೂ ಅದೇ ದಿನ ತೋರಿಸಬೇಕು. ಹೊರಗಿನ ಬಾಲ ಎಲ್ಲಾದರೂ ಸಿಕ್ಕಿ ಹರಿದರೆ ಗಾಬರಿಯಾಗದೆ, ಹರಿದ ಜಾಗಕ್ಕೂ ಚರ್ಮಕ್ಕೂ ನಡುವೆ ನಳಿಕೆಯನ್ನು ಮಡಚಿ ಬಿಗಿಹಿಡಿದು, ಹಾಗೆಯೇ ಆಸ್ಪತ್ರೆಗೆ ಹೋಗಬೇಕು. ಗಾಳಿ ಒಳಗೆ ಹೋಗಿ ಉಸಿರು ಕಟ್ಟಿದಂತಾದರೆ ನಳಿಕೆಯನ್ನು ಮುಚ್ಚಿಹಿಡಿದು, ಎಡಮಗ್ಗುಲಾಗಿ ಮಲಗಿಸಿ 108 ಕರೆಸಿ. ನಳಿಕೆ ಅರ್ಧ ಹೊರಗೆ ಜಾರಿದ್ದರೆ ಒಳಗೆ ತೂರಿಸಬಾರದು, ಇದ್ದಲ್ಲೇ ಟೇಪ್ ಅಂಟಿಸಿ ಹೊರಡಿ. ಪೂರ್ತಿ ಬಂದುಬಿಟ್ಟಿದ್ದರೆ ಶುದ್ಧ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿದು, ಬಂದ ನಳಿಕೆಯನ್ನು ಎಸೆಯದೆ ಒಯ್ಯಿರಿ. ತುಂಡು ಒಳಗೆ ಉಳಿದಿದೆಯೆ ಎಂದು ಅವರು ಅಳೆದು ನೋಡುತ್ತಾರೆ.

ಚಿಕಿತ್ಸೆ ಮುಗಿದ ದಿನ "ಇನ್ನು ನಳಿಕೆ ಬೇಕೇನ್ರಿ?" ಎಂದು ನೀವೇ ಕೇಳಿ. ಬೇಡವಾದ ಮೇಲೂ ಮುಂದಿನ ತಿಂಗಳು ತೆಗೆಸೋಣ ಎಂದು ಬಿಟ್ಟರೆ ಬರೇ ಸೋಂಕಿಗೆ ದಾರಿ. ಪಿಕ್ ಲೈನ್ ತೆಗೆಯಲು ಮತ್ತೆ ಶಸ್ತ್ರಕ್ರಿಯೆಯಿಲ್ಲ. ಮಲಗಿಸಿ, ನಿಧಾನವಾಗಿ ಎಳೆದು, ಕೆಲವು ನಿಮಿಷ ಒತ್ತಿಹಿಡಿದು, ಒಂದು ಪಟ್ಟಿ ಅಂಟಿಸುತ್ತಾರೆ. ನೋವೂ ಅಷ್ಟಾಗಿ ಇರುವುದಿಲ್ಲ. ಪುಸ್ತಕದಲ್ಲಿ ಬರೆದ ಉದ್ದಕ್ಕೂ ಹೊರಬಂದ ಉದ್ದಕ್ಕೂ ತಾಳೆ ನೋಡಿ, ಆ ತಾರೀಖನ್ನೂ ಬರೆದಿಡಿ. ಆ ಪಟ್ಟಿಯನ್ನು ಒಂದು ದಿನ ತೆಗೆಯಬೇಡಿ, ಒದ್ದೆ ಮಾಡಬೇಡಿ. ಗಾಯ ಮುಚ್ಚಿದ ಮೇಲೆ ಪ್ಲಾಸ್ಟಿಕ್ಕಿನ ಗೊಡವೆಯಿಲ್ಲದೆ ತಲೆಯ ಮೇಲೆ ನೀರು ಹಾಕಿಕೊಳ್ಳಬಹುದು.